ಹೆಸರು ಬೇಡ ಎಂದವರು

ನಮ್ಮೂರ ಹೆಸರಿಗೆ ವೇಲ್ಸ್ ನುಡಿಯಲ್ಲಿ ಕಪ್ಪು ಹಳ್ಳ ಅಂತ ಅರ್ಥ.
ಹಳ್ಳವೂ ಹೆಸರಿಗೆ ತಕ್ಕ ಹಾಗೆ ಹರಿಯುತ್ತಿತ್ತು;
ಮಕ್ಕಳು ಕಾಲದ್ದಿ ಎದ್ದರೆ
ಕಣಕಾಲಿನವರೆಗೆ ಕರಿ ಕಾಲ್ಚೀಲ.

ತವರು ಹದಿನೇಳು ಮೈಲಿ ಆಚೆ, ಕಡಲ ಕಡೆ.
ಅಲ್ಲಿ ರಾತ್ರಿಗೆ ಕಪ್ಪೇ ಇರಲಿಲ್ಲ.
ಅಪ್ಪ ಇಥೆಲ್ ಊದುಕುಲುಮೆಯ ಆಳು.
ಅದು ಬಾಯ್ದೆರೆದಾಗ ನಮ್ಮ ಹಿತ್ತಲ ತಂತಿಯ ಮೇಲಿನ
ಬಿಳಿ ಹೊದಿಕೆಗಳೆಲ್ಲ ಕೇಸರಿ ಉಡುತ್ತಿದ್ದವು.

ಗಣಿಯವನನ್ನು ಕಟ್ಟಿಕೊಂಡೆ.
'ಒಳ್ಳೆಯದಾಯ್ತು, ಟೆಗ್ವೆನ್,' ಅಂದಿದ್ದ ಅಪ್ಪ,
'ಅವನು ಅಗೆದದ್ದನ್ನು ನಾನು ಉರಿಸುತ್ತೇನೆ.'

ಎಂಬತ್ತರ ಚಳಿಯಲ್ಲಿ ಉಕ್ಕಿನವರು ಕೆಲಸ ಬಿಟ್ಟು ಕೂತರು.
ಹದಿಮೂರು ವಾರ, ಭಾನುವಾರ ತಪ್ಪದೆ,
ಎಮ್ಲಿನ್ ಮಾವನ ಮನೆಗೆ ಕಲ್ಲಿದ್ದಲ ಚೀಲ ಹೊತ್ತ.
ಚೀಲಕ್ಕೂ ಟಿಕೆಟ್ ಬೇಕೆಂದ ಬಸ್ಸಿನವನು ಒಮ್ಮೆ.
ಪಕ್ಕದ ಸೀಟಲ್ಲಿ ಅದನ್ನು ಕೂರಿಸಿ, ತನ್ನ ಟೋಪಿ ತೊಡಿಸಿ,
'ಇವನಿನ್ನೂ ಚಿಕ್ಕವನು' ಅಂತ ಅರ್ಧ ಟಿಕೆಟ್ ಕೊಂಡ ಇವನು.
ಈ ಕತೆ ಹೇಳಿ ಹೇಳಿ ಅಪ್ಪ ಎಷ್ಟು ವರ್ಷ ನಕ್ಕನೋ.
ನಾಲ್ಕು. ಲೆಕ್ಕ ಹಾಕಿದ್ದೇನೆ.

ಎಂಬತ್ನಾಲ್ಕರ ಮಾರ್ಚಿಯಲ್ಲಿ
ನಮ್ಮ ಗಣಿಯ ಗಾಲಿ ನಿಂತಿತು.
ಕುಲುಮೆ ಸಾಯದಷ್ಟು ಕೋಕು ಬಿಡುವುದು,
ಉಕ್ಕು ಮೆರೆಯುವಷ್ಟು ಬಿಡಬಾರದು: ಮೊದಮೊದಲು ಹೀಗೊಂದು ಮಾತಿತ್ತು.
ಮುರಿದವರು ಯಾರು ಅಂದರೆ
ಕಣಿವೆಯಲ್ಲೊಂದು ಉತ್ತರ, ಕಡಲ ಕಡೆ ಇನ್ನೊಂದು, ಇವತ್ತಿಗೂ.
ಆಮೇಲೆ ಬಂದವು ಲಾರಿಗಳು.

'ಒಮ್ಮೆ ತಣ್ಣಗಾದರೆ ಒಳಗಿನ ಕಬ್ಬಿಣ ಹೆಪ್ಪುಗಟ್ಟುತ್ತದೆ ಕಣೋ,
ಹಾಲೇ ಅದು, ಮತ್ತೆ ಕಾಯಿಸಿ ಕುಡಿಯಲಿಕ್ಕೆ?
ಕೋಕು ಬಂತು, ಸುರಿದೆ. ಎಲ್ಲಿಂದ ಅಂತ ಕೇಳಲಿಲ್ಲ.'
'ಕೇಳಬೇಕಿತ್ತು,' ಅಂದ ಎಮ್ಲಿನ್.
ಅವರಿಬ್ಬರು ಆಡಿದ ಕಡೆಯ ಮಾತು ಅದು.

ಹೆದ್ದಾರಿಯ ಸೇತುವೆ ಮೇಲೆ ನಾನೂ ನಿಂತೆ.
ಗಾಜಿಗೆ ಬಲೆ ಬಿಗಿದ, ನಂಬರಿಗೆ ಮಸಿ ಬಳಿದ ಲಾರಿಗಳು
ನನ್ನ ಕಾಲಡಿಯಲ್ಲೇ ನುಗ್ಗಿ ತವರಿಗೆ ಹೋಗುತ್ತಿದ್ದವು.
ಗಂಜಿಮನೆಯಿಂದ ತಂದ ಆಲೂಗಡ್ಡೆಯೊಂದು ಕೈಯಲ್ಲಿ.
ಎತ್ತಿದೆ. ದೊಡ್ಡದಿತ್ತು,
ಎರಡು ಮಕ್ಕಳಿಗಾಗುವಷ್ಟು.
ಮತ್ತೆ ಜೇಬಿಗೆ ಹಾಕಿಕೊಂಡೆ.

ಅಕ್ಟೋಬರಿನ ಒಂದು ಶುಕ್ರವಾರ
ಚರ್ಚಿನ ಹಿಂದಿನ ಗಂಜಿಮನೆಯ ಕಿಟಕಿ ತಟ್ಟಿದ ಅಪ್ಪ.
ಮಡಚಿದ ಹತ್ತು ಪೌಂಡಿನ ನೋಟು. 'ಬರಕೋ,
ನನ್ನ ಹೆಸರು ಬೇಡ.'
ಕಡೇ ಬಸ್ಸಿಗೆ ಓಡಿದ.
ಮುಂದಿನ ಶುಕ್ರವಾರ ಮತ್ತೆ. ಮತ್ತೆ.
ತೆಗೆದುಕೊಳ್ಳಬಾರದಿತ್ತೇನೋ.
ಆ ವಾರ ಬ್ರೆಡ್ಡಿನವನು ಸಾಲ ನಿಲ್ಲಿಸಿದ್ದ.

ಖಾತೆಯಲ್ಲಿ ಬರೆದೆ, ದುಂಡಗೆ:
ಹೆಸರು ಬೇಡ ಎಂದವರು, ಹತ್ತು.
ತಿಂಗಳಿಗೊಮ್ಮೆ ಸಭೆಯಲ್ಲಿ ಖಾತೆ ಓದುವ ಪಾಳಿ ಎಮ್ಲಿನನದು.
ಹಡಗುಕಟ್ಟೆಯ ಕೂಲಿಗಳು, ಮೂವತ್ತು.
ಯಾರೋ ವಿಧವೆ, ಮೂರು, ಒಂದು ಡಬ್ಬಿ ಜಾಮು.
ಹೆಸರು ಬೇಡ ಎಂದವರು, ನಲವತ್ತು.
'ಅವರಿಗೊಂದು ಚಪ್ಪಾಳೆ!' ಅಂದು ತಾನೇ ಮೊದಲು ತಟ್ಟುತ್ತಿದ್ದ,
ಎರಡು ಸಲ, ನಿಧಾನಕ್ಕೆ,
ಕೈಗೆ ಹತ್ತಿದ ಮಸಿ ಕೊಡವಿದ ಹಾಗೆ.
ನಾನು ಸೌಟು ತೊಳೆಯುತ್ತಿದ್ದೆ.

ಮಾರ್ಚಿ ಮತ್ತೆ ಬಂತು. ವಾದ್ಯದವರ ಹಿಂದೆ,
ಬಾವುಟದ ಹಿಂದೆ, ಗಂಡಸರು ಗಣಿಗೆ ಮರಳಿದರು,
ಗೆದ್ದವರಷ್ಟೇ ನೆಟ್ಟಗೆ.
ಗಣಿ ಆ ಚಳಿಗಾಲವನ್ನೂ ದಾಟಲಿಲ್ಲ.
ಅಪ್ಪ ತೀರಿಕೊಂಡದ್ದು ತೊಂಬತ್ತೊಂದರಲ್ಲಿ.
ಎಮ್ಲಿನ್ ಹೆಣ ಹೊತ್ತ. ಚೀಲ ಹೊತ್ತಿದ್ದ ಹೆಗಲೇ.
ತುಟಿ ಬಿಚ್ಚಲಿಲ್ಲ.

ಮೊನ್ನೆ, ಅಂದರೆ ಇಪ್ಪತ್ನಾಲ್ಕರ ಸೆಪ್ಟೆಂಬರಿನಲ್ಲಿ,
ಕಡಲ ಕಡೆಯ ಕೊನೆಯ ಕುಲುಮೆಯನ್ನೂ ಆರಿಸಿದರು.
ಟೀವಿಯಲ್ಲಿ ಹೆಲ್ಮೆಟ್ಟಿನ ಹುಡುಗರು ಒಬ್ಬರನ್ನೊಬ್ಬರು ತಬ್ಬಿಕೊಂಡರು.
ಎಮ್ಲಿನನ ಮೂಗಿಗೆ ಆಮ್ಲಜನಕದ ನಳಿಗೆ,
ಎದೆಯೊಳಗೆ ಊರ ಹಳ್ಳದ ಸದ್ದು.
ಚಹಾ ಇಟ್ಟೆ. ನೋಡಲಿಲ್ಲ.
ಪರದೆಯ ಕಡೆಗೆ ಕೈಯೆತ್ತಿ
ತಟ್ಟಿದ, ಎರಡು ಸಲ, ನಿಧಾನಕ್ಕೆ.

ಯಾರಿಗೆ ಅಂತ
ನಾನು ಕೇಳಲಿಲ್ಲ.