ರಾತ್ರಿ ಪಾಳಿ

ಮಾಲ್ದಾರೆಯಲ್ಲಿ ಎಲ್ಲರಿಗೂ ಗೊತ್ತಿತ್ತು
ನನಗೆ ನಿದ್ದೆ ಇಲ್ಲವೆಂದು.
ಸೊಸೈಟಿಯಲ್ಲಿ ಸಕ್ಕರೆ ತೂಗುವ ಹುಡುಗನೂ ಕೇಳುತ್ತಿದ್ದ,
"ನಿನ್ನೆಯಾದರೂ ಬಂತಾ ಅಕ್ಕ?"
ಬಸ್ಸು ಬಂತಾ ಎಂದು ಕೇಳಿದ ಹಾಗೆ.

ಬಿಟ್ಟು ಬಂದ ಗಂಡನ ಮನೆ,
ನಿಲ್ಲದೆ ಹೋದ ಎರಡು ಬಸಿರು,
ಮೈಸೂರಿನ ಡಾಕ್ಟರು ಬರೆದುಕೊಟ್ಟ ಬಿಳಿಯ ಅರ್ಧ ಗುಳಿಗೆ,
ಇಷ್ಟನ್ನೂ ತಲೆದಿಂಬಿನಡಿ ಇಟ್ಟುಕೊಂಡು
ಗಡಿಯಾರದ ಜೊತೆ ಮಲಗುತ್ತಿದ್ದೆ.
ಒಮ್ಮೊಮ್ಮೆ ಎದ್ದು ಬರಿಗಾಲಲ್ಲಿ
ಕೆರೆಯ ತನಕ ಹೋಗಿ ಬರುತ್ತಿದ್ದೆ.
ಯಾಕೆ ಬಂದೆ ಎಂದು ಕೆರೆ ಕೇಳಲಿಲ್ಲ.
ಯಾಕೆ ಮರಳಿದೆ ಎಂದು ನಾನೂ.

ಹೆಂಡತಿಯ ಮಾದ ಮುಗಿಸಿ ತಮ್ಮ ಬಂದ.
ಜೀಪಿನಿಂದ ಮೊದಲು ಇಳಿದದ್ದು ಪ್ಲಾಸ್ಟಿಕ್ ಬಕೆಟ್ಟು,
ಅದರೊಳಗೆ ಎರಡು ಜೊತೆ ಶಾಲೆಯ ಷೂ, ಒಂದು ಹಾಲಿನ ಬಾಟಲಿ.
ಆಮೇಲೆ ದೇಚು. ಮೊಣ್ಣ.
ಕೊನೆಗೆ, ಯಾರ ಕೈಯನ್ನೂ ಹಿಡಿಯದೆ, ಪೂವಿ.
"ಒಂದೇ ತಿಂಗಳು ಅಕ್ಕ" ಎಂದ.
ಹಲಸು ಮೂರು ಸಲ ಹಣ್ಣಾಯಿತು.
ತಮ್ಮ ಹುತ್ತರಿಗೆ ಬರುತ್ತಾನೆ, ಉಂಡು ಹೋಗುತ್ತಾನೆ.

ಮೊದಮೊದಲು ಏನೂ ಬರಲಿಲ್ಲ ನನಗೆ.
ಅಕ್ಕಿಯ ಅಳತೆ ತಪ್ಪಿತು, ಕಡಂಬುಟ್ಟು ಒಡೆಯಿತು,
ಹೇನು ತೆಗೆಯಲು ಕೂತರೆ ಕೈ ನಡುಗಿ
ದೇಚು ಬಾಚಣಿಗೆ ಕಿತ್ತುಕೊಂಡಳು.
"ಅವ್ವ ಹೀಗೆ ಮಾಡ್ತಿರಲಿಲ್ಲ."
ಒಂದು ಸಂಜೆ ಕದ ಹಾಕಿಕೊಂಡು
ದಿಂಬಿಗೆ ಮುಖ ಒತ್ತಿ ಅರಚಿದೆ.
ತೆರೆದರೆ ಹೊಸ್ತಿಲಲ್ಲಿ ಮೊಣ್ಣ.
"ಮಾವಿ, ಥೇಟ್ ಆನೆ ಹಾಗೇ ಕೂಗಿದೆ ನೀನು.
ಇನ್ನೊಂದ್ಸಲ ಕೂಗು."

ಆದರೆ ರಾತ್ರಿ ನನ್ನದು.
ಅಲ್ಲಿ ನನಗೆ ಯಾರೂ ಕಲಿಸಬೇಕಿಲ್ಲ.
ಪೂವಿ ಒದ್ದೆ ಮಾಡಿಕೊಳ್ಳುವುದು ಒಂದೂವರೆಗೆ.
ಮೊಣ್ಣನ ಕೆಮ್ಮು ಎರಡೂ ಮುಕ್ಕಾಲಿಗೆ ಶುರು.
ದೇಚು ನಿದ್ದೆಯಲ್ಲಿ ಯಾರಿಗೋ ಮಗ್ಗಿ ಒಪ್ಪಿಸುತ್ತಾಳೆ,
ಏಳರ ಮಗ್ಗಿಯ ನಡುವೆ ಅಳು ಬರುತ್ತದೆ,
ಹಗಲು ಅತ್ತವಳಲ್ಲ.
ನಾಲ್ಕಕ್ಕೆ ಕಾಫಿ ತೋಟದಲ್ಲಿ ಕೊಂಬೆ ಮುರಿದರೆ
ಸದ್ದಿನಲ್ಲೇ ತಿಳಿಯುತ್ತದೆ, ಒಂಟಿಯೋ, ಮರಿ ಜೊತೆಗಿದೆಯೋ.
ಇಲಾಖೆಯವರ ಮೆಸೇಜು ಬರುವುದು ಐದಕ್ಕೆ,
ಅಷ್ಟರಲ್ಲಿ ವಾಚರ್ ಗಪ್ಪುವಿಗೆ ನಾನು ಫೋನು ಮಾಡಿ ಆಗಿರುತ್ತದೆ.
ಶಾಲೆಯ ವ್ಯಾನಿನ ಮೂಸ ಕೂಡ ಈಗ
ಕೀಲಿ ತಿರುಗಿಸುವ ಮುಂಚೆ ನನ್ನನ್ನೇ ಕೇಳುತ್ತಾನೆ,
"ರಸ್ತೆ ಹೇಗುಂಟು ಅಕ್ಕ?"

ನಿದ್ದೆ ಬಂತಾ ಎಂದು ಯಾರೂ ಕೇಳುವುದಿಲ್ಲ.

ಗುಣವಾಯಿತು ಎಂದಲ್ಲ.
ಗುಳಿಗೆ ಇದೆ, ಪೂವಿಗೆ ಎಟುಕದ ಎತ್ತರದಲ್ಲಿ,
ಕಾಚಂಪುಳಿಯ ಶೀಸೆಯ ಹಿಂದೆ.
ಕೆರೆಯೂ ಅಲ್ಲೇ ಇದೆ.

ನಿನ್ನೆ ರಾತ್ರಿ ಅದರ ಕಡೆಯಿಂದ
ಯಾರೋ ನೀರಿಗಿಳಿದ ಸದ್ದು. ಆನೆಯೇ ಇರಬೇಕು.
ಹೋಗಿ ನೋಡೋಣ ಅನ್ನಿಸಿತು, ಹಳೆಯ ಕಾಲುಗಳಿಗೆ.
ಹೆಬ್ಬೆರಳು ಪೂವಿಯ ಮುಷ್ಟಿಯಲ್ಲಿತ್ತು.
ಬಿಡಿಸಿಕೊಳ್ಳಬಹುದಿತ್ತು, ಅಂಥ ಬಿಗಿಯೇನಲ್ಲ.
ಒಂದೂವರೆಗೆ ಇನ್ನೂ ಹತ್ತು ನಿಮಿಷ.
ಒಣಗಿದ ಚಡ್ಡಿ ಎಲ್ಲಿಟ್ಟೆ ಎಂದು
ಕತ್ತಲಲ್ಲಿ ನೆನಪು ಮಾಡಿಕೊಳ್ಳುತ್ತಾ ಕೂತೆ.