ಅಡಿಗಡಿಗೆ

ಸತ್ಯಮಂಗಲದ ಆಸ್ಪತ್ರೆ ಕೊಟ್ಟ ಹಾಳೆ ತಮಿಳಿನಲ್ಲಿತ್ತು.
ತಾಳವಾಡಿಯ ಜಗಲಿಯಲ್ಲಿ ನಾನು ಓದಿ ಹೇಳಬೇಕು,
ಅವ್ವ ಉತ್ತರ ಕೊಡಬೇಕು, ಟಿಕ್ಕು ನನ್ನ ಪೆನ್ನಿನದು.
"ಅಡಿಕ್ಕಡಿ ಅಂದರೇನೇ?"
ಅಡಿಗಡಿಗೆ ಕಣವ್ವ. ಹೆಜ್ಜೆ ಹೆಜ್ಜೆಗೂ.
"ಅವನೆಲ್ಲಿ ಹೆಜ್ಜೆ ಇಡುತ್ತಾನೆ, ಹಾರುತ್ತಾನಲ್ಲ!"
ಅದಕ್ಕೆ ಕಾಗದದಲ್ಲಿ ಮನೆಯಿಲ್ಲ.

ವಸ್ತು ಕಳೆದುಕೊಳ್ಳುತ್ತಾನೆಯೇ?
ಅವ್ವ ಕತೆ ತೆಗೆದಳು: ಆಲೂಗಡ್ಡೆ ಮೂಟೆಯಲ್ಲಿ ಸಿಕ್ಕ ಎಡಗಾಲ ಚಪ್ಪಲಿ,
ಕೋಸಿನ ಲಾರಿ ಹತ್ತಿ ಮಂಡಿಗೆ ಹೋಗಿಬಂದ ಲೆಕ್ಕದ ಪುಸ್ತಕ.
ನಗುತ್ತಲೇ "ಯಾವಾಗಲೂ" ಅಂದಳು.
ನಾನು ಒಂದು ಮನೆ ಹಿಂದಕ್ಕೆ ಹಾಕಿದೆ.
ಯಾಕೋ.

ಜಡೆಸ್ವಾಮಿ ಮೇಷ್ಟ್ರದು ಅಂಟಿಸಿದ ಲಕೋಟೆ.
ಡಾಕ್ಟರ ಮೇಜಿನ ಮೇಲೆ ತಲೆಕೆಳಗಾಗಿ ಓದಿಕೊಂಡೆ:
ಕೊನೆಯ ಕಾಲಮ್ಮಿನುದ್ದಕ್ಕೂ ಗುರುತು,
ಆನೆಗೆ ಬೇಲಿ ನೆಟ್ಟ ಹಾಗೆ.
ಅಡಿಯಲ್ಲಿ ಮಾತ್ರ, ಕನ್ನಡದಲ್ಲಿ, ಸಣ್ಣಗೆ:
ಶಾಲೆಯ ಗಂಟೆ ಹೊಡೆಯುವವನು ಇವನೇ. ಒಂದು ದಿನವೂ ತಡವಾಗಿಲ್ಲ.
ಡಾಕ್ಟರು ಏನದು ಅಂದರು, ಹೇಳಿದೆ.
ಎಲ್ಲಿ ಕೂಡಿಸುವುದೆಂದು ಅವರ ಪೆನ್ನಿಗೂ ತಿಳಿಯಲಿಲ್ಲ.

ಮೂರನೆಯದು ಷಡಕ್ಷರಿಯದೇ. ಹನ್ನೊಂದು ವರ್ಷ.
ದಿಂಬಂ ಘಾಟಿ ಇಳಿಯುವಾಗ ತೊಡೆಯ ಮೇಲಿಟ್ಟು ತುಂಬಿದ್ದ,
ಇಪ್ಪತ್ತೇಳು ತಿರುವಿಗೂ ಗೆರೆ ಜಾರಿತ್ತು.
ಹದಿನಾಲ್ಕನೆಯ ಪ್ರಶ್ನೆಗೆ ಉತ್ತರವಿಲ್ಲ, ಕೋತಿಯಿದೆ.
ಒಂದು ಕಡೆ ಪೆನ್ಸಿಲು ಹಾಳೆ ತೂತಾಗುವಷ್ಟು ನಿಂತಿತ್ತು:
'ಎಲ್ಲರಿಗೂ ನನ್ನ ಮೇಲೆ ಸಿಟ್ಟು' —
ಅಡಿಗಡಿಗೆ. ಬಹಳ ಅಡಿಗಡಿಗೆ.

ನಮ್ಮ ಹಾಳೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

"ಏನು ಬರೆದಿದ್ದಾನೆ?" ಅವ್ವ ಕೇಳಿದಳು.
ತಮಿಳು ಮರೆತವಳ ಹಾಗೆ
ನಾನು ಕಿಟಕಿ ನೋಡಿದೆ.