ಮಂಗಳವಾರ ಅಲ್ಲ

ಹನ್ನೊಂದು ವರ್ಷ ಕೋಲ್ಮನ್ ಪ್ಯಾಡನ್‌ನ ಕಾರು ಓಡಿಸಿದವಳು ನಾನು.
ಲೈಸೆನ್ಸು ಕುಡಿತದಲ್ಲಿ ಹೋಗಿತ್ತು.
ಮುಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಗಿಟಾರು,
ಹಿಂದೆ, ಮಂಡಿ ಮಡಚಿಕೊಂಡು, ಆತ.
ಸ್ಲೈಗೋ, ಎನಿಸ್, ಟ್ರಲೀ.
ಊರು ಕಾಣುವ ಮುಂಚೆ ಎರಡು ಸಲ ಕೆಮ್ಮುತ್ತಿದ್ದ,
ಅಷ್ಟೇ ಅವನ ಸಾಧಕ.

ಹುಟ್ಟಿದ್ದು ಬೆಲ್‌ಮಲೆಟ್ಟಿನಾಚೆ, ಒಂದು ಮರವೂ ನಿಲ್ಲದ ದಿಣ್ಣೆಯಲ್ಲಿ.
ತಾಯಿ ಬಂಗಡೆಗೆ ಉಪ್ಪು ಸವರುತ್ತ ಹಾಡುತ್ತಿದ್ದಳಂತೆ,
ಕೈಯ ಗಾಯ ಉರಿದಲ್ಲಿ ದನಿ ಎಳೆಯುತ್ತಿದ್ದಳಂತೆ.
"ನನ್ನ ಬಳುಕೆಲ್ಲ ಆ ಉಪ್ಪಿನದು" ಅನ್ನುತ್ತಿದ್ದ.
ನಿಜವೋ, ವೇದಿಕೆಗೆಂದು ಹೊಸೆದದ್ದೋ,
ನಾನು ಕೇಳಲಿಲ್ಲ.

ಹದಿನೇಳಕ್ಕೆ ಹಡಗು. ಕೊವೆಂಟ್ರಿಯಲ್ಲಿ ಕೇಬಲ್ಲಿನ ಕಂದಕ.
ಚಳಿಯ ಕೋಟಿಗೆ ಕೂಡಿಟ್ಟ ದುಡ್ಡು
ಗಿರವಿಯಂಗಡಿಯ ಗಿಟಾರಿಗೆ ಹೋಯಿತು;
ಆ ವರ್ಷ ಹತ್ತಿದ ಕೆಮ್ಮು ಮತ್ತೆ ಇಳಿಯಲಿಲ್ಲ.
ಅಲ್ಲೇ ಒಂದು ಮಂಗಳವಾರ ಮಣ್ಣು ಕುಸಿಯಿತು,
ಒಳಗೆ ಆಂಥನಿ ಲವೆಲ್.
ಇಬ್ಬರದೂ ಒಂದೇ ಅಳತೆಯ ಪಾದ.
ಮೇಸ್ತ್ರಿ ಬೂಟು ಕೊಟ್ಟ, ಇವನು ಹಾಕಿಕೊಂಡ,
ಹಾಕಿಕೊಂಡೇ ಆ ಹಾಡು ಬರೆದ.
ಹಾಡಿನಲ್ಲಿ ಬೂಟಿನ ಮಾತಿಲ್ಲ.

ಆಮೇಲೆ ನಾಲ್ಕು ರೆಕಾರ್ಡು, ಒಂದು ಕೋರ್ಟು ಕೇಸು.
ಒಂದು ರಾತ್ರಿ ಟಿವಿಯಲ್ಲೂ ಬಂದ;
ಮೀನುಗಾರನಂತೆ ಕಾಣಲೆಂದು ಬಿಳಿ ಉಣ್ಣೆಯ ಸ್ವೆಟರು ತೊಡಿಸಿದ್ದರು,
ದೋಣಿ ಹತ್ತಿದರೆ ವಾಂತಿ ಮಾಡುವವನಿಗೆ.
ಹೆಂಡತಿ ಊನಾ ಬಾಣಲೆ ತಿಕ್ಕುತ್ತ ನನಗೆ ಹೇಳಿದ್ದಳು:
"ಅವನ ಹಾಡಿನಲ್ಲೆಲ್ಲ ನಾನಿದ್ದೇನೆ,
ನನ್ನ ಮನೆಯಲ್ಲಿ ಅವನು ಎಲ್ಲೂ ಇಲ್ಲ."

ಎನಿಸ್ಟೈಮನ್ನಿನ ಒಂದು ಪಬ್ಬು, ಹಿಂದಿನ ಕೋಣೆ.
ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿ, ತೊಡೆಯ ಮೇಲೆ ಪಿಟೀಲು.
ಇವನು ಹಾಡಿ ಮುಗಿಸಿದ. ಅವಳು ಮೆಲ್ಲಗೆ,
"ತಾತ, ಅದು ಮಂಗಳವಾರ ಅಲ್ಲ, ಭಾನುವಾರ.
ತುಂಬ ಹಳೆಯ ಹಾಡು, ಕಟ್ಟಿದವರು ಯಾರೋ ಗೊತ್ತಿಲ್ಲ,
ಆದರೆ ಎಲ್ಲರೂ ಭಾನುವಾರ ಅಂತಲೇ ಹಾಡುವುದು."
ನಾನು ಬಾಯಿ ತೆರೆದೆ.
ಮೇಜಿನ ಕೆಳಗೆ ಅವನು ನನ್ನ ಕಾಲು ತುಳಿದ.
"ಹೌದಾ ಮಗಳೇ," ಅಂದ, "ಇನ್ನೊಮ್ಮೆ ಹೇಳಿಕೊಡು."

ಲಿಸ್ಡೂನ್ವಾರ್ನಾ ದಾಟುವ ತನಕ ಕಾರಿನಲ್ಲಿ ಮಾತಿಲ್ಲ.
ವೈಪರು ಮಾತ್ರ ಏನೋ ಒರೆಸುತ್ತಿತ್ತು, ಬರೆಯುತ್ತಿತ್ತು.
ಆಮೇಲೆ ಹಿಂದಿನ ಸೀಟಿನಿಂದ:
"ಭಾನುವಾರ ಕೆಲಸಕ್ಕೆ ರಜೆ.
ಕಂದಕದಲ್ಲಿ ಯಾರೂ ಇಳಿಯುತ್ತಿರಲಿಲ್ಲ."
ಒಂದು ಕೆಮ್ಮು.
"ಆಂಥನಿ ಹಾಸಿಗೆಯಲ್ಲೇ ಹೊರಳಾಡುತ್ತಿದ್ದ, ಹತ್ತು ಗಂಟೆಯವರೆಗೂ."

ಅಂದಿನಿಂದ ಅವನೂ ಭಾನುವಾರ ಅಂತಲೇ ಹಾಡಿದ.
ಅವನನ್ನು ಹೂಳುವಾಗ ಜನ ಹಾಗೇ ಹಾಡಿದರು,
ಪಾದ್ರಿಯೂ ಸೇರಿ.
ನಾನು ತುಟಿಯಲ್ಲೇ ಮಂಗಳವಾರ ಅಂದೆನೋ ಏನೋ,
ಪಕ್ಕದವರು ತಿರುಗಿ ನೋಡಿದರು.
ಬೂಟು ಏನಾಯಿತು ಅಂತ ಕೇಳಬೇಕಿತ್ತು,
ಹನ್ನೊಂದು ವರ್ಷವಿತ್ತು,
ಅಷ್ಟು ದೂರದ ರಸ್ತೆಯಿತ್ತು.